ಹಲ್ಲಿನ ಮೇಲೆ ಬಿಳಿ ಕಲೆ: ಹೋದ ಎನಾಮಲ್ ಮತ್ತೆ ಗಟ್ಟಿಯಾಗುತ್ತಾ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದೆ. ಮೂರು ವಾರದ ಹಿಂದೆ ತೆಗೆದರು. ಹಲ್ಲೆಲ್ಲ ಸಾಲಾಗಿ ಕೂತಿವೆ, ಅದು ಖುಷಿಯೇ. ಆದರೆ ಮೊದಲ ಸಲ ಕನ್ನಡಿ ಮುಂದೆ ನಿಂತು ನಕ್ಕಾಗ ಎದೆ ಧಸಕ್ಕೆಂದಿತು. ಮೇಲಿನ ನಾಲ್ಕು ಮುಂದಿನ ಹಲ್ಲುಗಳಲ್ಲಿ, ಕ್ಲಿಪ್ ಅಂಟಿಸಿದ್ದ ಜಾಗದ ಸುತ್ತ, ಸುಣ್ಣ ಹಚ್ಚಿದ ಹಾಗೆ ಬಿಳಿ ಗೆರೆ ಉಳಿದುಕೊಂಡಿದೆ. ಹಲ್ಲು ಒಣಗಿದಾಗ ಇನ್ನೂ ಎದ್ದು ಕಾಣುತ್ತದೆ. ಒದ್ದೆಯಾದರೆ ಸ್ವಲ್ಪ ಮಾಯವಾಗುತ್ತದೆ, ಇದು ಯಾಕೆ ಹೀಗೆ ಅಂತಲೂ ಗೊತ್ತಾಗುತ್ತಿಲ್ಲ.

ಇದರ ಜೊತೆ ಕೆಳಗಿನ ಒಂದು ದವಡೆ ಹಲ್ಲಲ್ಲಿ ಹುಳುಕು ಶುರುವಾಗುತ್ತಿದೆ ಅಂದರು. ನಾನು ಹಾಗಾದರೆ ತುಂಬಿಸಿಬಿಡಿ ಅಂದೆ. ಅದಕ್ಕೆ ಡಾಕ್ಟರು, "ಬೇಡ, ಈಗ ಕೊರೆಯಲ್ಲ, ಆರು ತಿಂಗಳು ನೋಡೋಣ, ಅದೇ ಗಟ್ಟಿಯಾಗಬಹುದು" ಅಂತ ಕಳಿಸಿಬಿಟ್ಟರು. ಹುಳುಕು ಅಂತ ಗೊತ್ತಾದ ಮೇಲೂ ಸುಮ್ನೆ ಕಾಯುವುದು ಅಂದರೆ ಏನು? ಆರು ತಿಂಗಳಲ್ಲಿ ಅದು ದೊಡ್ಡದಾದರೆ?

ಮನೆಯಲ್ಲಿ ಒಬ್ಬರು ಹೋದ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಹೋದ ಹಾಗೇ, ಯಾವತ್ತೂ ಬರಲ್ಲ ಅಂತಾರೆ. ಜಾಹೀರಾತಿನಲ್ಲಿ ನೋಡಿದರೆ ಎಲ್ಲ ಪೇಸ್ಟೂ ಎನಾಮಲ್ ಮತ್ತೆ ಕಟ್ಟಿಕೊಡುತ್ತವೆ. ಗೆಳತಿ ಒಬ್ಬಳು ಕ್ಯಾಲ್ಸಿಯಂ ಮಾತ್ರೆ ತಗೋ ಅಂದಳು, ಇನ್ನೊಬ್ಬರು ಇದ್ದಿಲು ಪುಡಿಯಲ್ಲಿ ಉಜ್ಜು, ಬಿಳಿ ಕಲೆ ಹೋಗುತ್ತದೆ ಅಂದರು. ಯಾರ ಮಾತು ಕೇಳಲಿ? ನಿಜಕ್ಕೂ ಹಲ್ಲು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದಾ?

ಬಿಳಿದಂಟು

ನಾನು ಹಲ್ಲಿನ ವೈದ್ಯೆ. ನಿಮ್ಮ ಬಾಯಿ ನೋಡದೆ ಇದು ಹೀಗೇ ಅಂತ ಹೇಳಲಾರೆ. ಆದರೆ ನೀವು ಬರೆದಿದ್ದು ಓದಿದರೆ ನಿಮ್ಮ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ ಅನಿಸುತ್ತದೆ. ನನಗೆ ಈ ವಿಷಯದಲ್ಲಿ ಬಹಳ ಆಸಕ್ತಿ. ಯಾಕಂದರೆ ಕೊರೆಯದೆ ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳನ್ನು ಅವಸರದಲ್ಲಿ ಕೊರೆದಿದ್ದನ್ನು ನೋಡಿದ್ದೇನೆ.

ಮೊದಲು ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ನಿಜ. ಎನಾಮಲ್ ಕಟ್ಟುವ ಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೇ ಸತ್ತು ಹೋಗಿರುತ್ತವೆ. ಚರ್ಮ ಗೀರಿದರೆ ಹೊಸ ಚರ್ಮ ಬರುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಎನಾಮಲ್‌ಗೆ ಆ ಭಾಗ್ಯ ಇಲ್ಲ. ಚೂರು ಒಡೆದು ಹೋದರೆ, ಗುಂಡಿ ಬಿದ್ದರೆ, ಆ ಜಾಗ ತಾನಾಗಿ ತುಂಬುವುದಿಲ್ಲ.

ಆದರೆ ಬಿಳಿ ಕಲೆ ಗುಂಡಿ ಅಲ್ಲ. ಎನಾಮಲ್‌ನ ತೂಕದಲ್ಲಿ ಸುಮಾರು 96% ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಅನ್ನುವ ಹರಳುಗಳು, ಒಂದೊಂದೂ ಕೂದಲಿಗಿಂತ ಸಾವಿರ ಪಾಲು ತೆಳು, ಒತ್ತೊತ್ತಾಗಿ ಕೂತಿರುತ್ತವೆ. ನಾವು ಸಿಹಿ ತಿಂದಾಗ ಹಲ್ಲಿಗೆ ಅಂಟಿರುವ ಪಾಚಿಯಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿ ಮಾಡುತ್ತವೆ. ಅಲ್ಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹರಳುಗಳಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಗೆ ಹೋಗಲು ಶುರು. ಹುಳಿ ಕಡಿಮೆಯಾಗಿ ಪಿಎಚ್ ಮೇಲೆ ಬಂದಾಗ ಲಾಲಾರಸದಲ್ಲಿರುವ ಅದೇ ಕ್ಯಾಲ್ಸಿಯಂ, ಫಾಸ್ಫೇಟ್ ವಾಪಸ್ ಬಂದು ಅರ್ಧ ಕರಗಿದ ಹರಳುಗಳ ಮೇಲೆ ಕೂರುತ್ತವೆ. ಈ ಹೋಗುವುದು ಬರುವುದು ನಮ್ಮೆಲ್ಲರ ಬಾಯಲ್ಲೂ ದಿನಕ್ಕೆ ಹಲವು ಸಲ ನಡೆಯುತ್ತಲೇ ಇರುತ್ತದೆ. ಹೋಗುವುದು ಜಾಸ್ತಿಯಾಗಿ ಬರುವುದು ಕಡಿಮೆಯಾದಾಗ, ವಾರಗಟ್ಟಲೆ ಹಾಗೇ ನಡೆದಾಗ, ಬಿಳಿ ಕಲೆ ಕಾಣುತ್ತದೆ. ಕ್ಲಿಪ್ ಸುತ್ತ ಪಾಚಿ ನಿಂತರೆ ಒಂದೇ ತಿಂಗಳಲ್ಲೂ ಬರಬಹುದು.

ಇಲ್ಲೊಂದು ನನಗೆ ಯಾವಾಗಲೂ ಅಚ್ಚರಿ ಅನಿಸುವ ಸಂಗತಿ ಇದೆ. ಖನಿಜ ಹೋಗುವುದು ಹೆಚ್ಚಾಗಿ ಮೇಲ್ಮೈಯ ಸ್ವಲ್ಪ ಒಳಗಿನಿಂದ. ಹೊರಗಿನ ತೆಳು ಪದರ ಹೆಚ್ಚುಕಡಿಮೆ ಗಟ್ಟಿಯಾಗೇ ಉಳಿದಿರುತ್ತದೆ, ಒಳಗೆ ಮಾತ್ರ ಸಣ್ಣ ಸಣ್ಣ ರಂಧ್ರಗಳಾಗಿರುತ್ತವೆ. ಒದ್ದೆಯಾದಾಗ ಮಾಯ ಆಗುತ್ತದೆ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಎನಾಮಲ್ ಬೆಳಕನ್ನು ಬಾಗಿಸುವ ಲೆಕ್ಕ 1.62. ನೀರಿನದು 1.33, ಗಾಳಿಯದು 1. ರಂಧ್ರದಲ್ಲಿ ನೀರು ಇದ್ದಾಗ ವ್ಯತ್ಯಾಸ ಕಡಿಮೆ, ಕಲೆ ಮಸುಕು. ಒಣಗಿ ಗಾಳಿ ತುಂಬಿಕೊಂಡಾಗ ವ್ಯತ್ಯಾಸ ಜಾಸ್ತಿ, ಬೆಳಕು ಚದುರಿ ಸುಣ್ಣದ ಹಾಗೆ ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಾಣುವ ಕಲೆ ಸಣ್ಣದು. ಒದ್ದೆಯಲ್ಲೂ ಕಾಣುವುದು ಇನ್ನಷ್ಟು ಆಳಕ್ಕೆ ಹೋಗಿದೆ ಅಂತ ಅರ್ಥ. ನಿಮ್ಮದು ಒದ್ದೆಯಲ್ಲಿ ಮಂಕಾಗುತ್ತದೆ ಅಂದರೆ ಅದು ಒಳ್ಳೆಯ ಲಕ್ಷಣ.

ಆ ಹೊರ ಪದರ ಮುರಿಯುವವರೆಗೂ ಅವಕಾಶ ಇದೆ. ಮುರಿದು ಗುಂಡಿಯಾದ ಮೇಲೆ ಅದರೊಳಗೆ ಬ್ರಷ್ ಹೋಗಲ್ಲ, ಪಾಚಿ ಅಲ್ಲೇ ಮನೆ ಮಾಡುತ್ತದೆ, ಆಗ ಸಾಮಾನ್ಯವಾಗಿ ತುಂಬಲೇಬೇಕಾಗುತ್ತದೆ. ಅದಕ್ಕೇ ದಯವಿಟ್ಟು ಆ ಕಲೆಯನ್ನು ಪಿನ್ನಿನಿಂದಲೋ ಉಗುರಿನಿಂದಲೋ ಕೆರೆದು ನೋಡಬೇಡಿ. ನಾವೂ ಈಗ ಚೂಪಾದ ಕಡ್ಡಿಯಿಂದ ಒತ್ತಿ ಚುಚ್ಚಿ ನೋಡಬಾರದು ಅಂತಲೇ ಕಲಿಯುತ್ತೇವೆ.

ಕಾಯುವುದರಿಂದ ದೊಡ್ಡದಾದರೆ ಅಂತ ಕೇಳಿದಿರಿ. ನೆದರ್‌ಲ್ಯಾಂಡ್ಸ್‌ನ ಬಾಕರ್ ಡಿರ್ಕ್ಸ್ ಅನ್ನುವವರು 1966ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಎಂಟು ವರ್ಷದ ಮಕ್ಕಳ ದವಡೆ ಹಲ್ಲುಗಳ ಕೆನ್ನೆ ಕಡೆಯ ಮೈಮೇಲಿದ್ದ 72 ಬಿಳಿ ಕಲೆಗಳನ್ನು ಹದಿನೈದನೇ ವಯಸ್ಸಿನಲ್ಲಿ ಮತ್ತೆ ನೋಡಿದರು. 37 ಕಲೆಗಳು ಕಾಣದ ಹಾಗೆ ಸರಿಯಾಗಿದ್ದವು. 26 ಹಾಗೇ ಇದ್ದವು. ಗುಂಡಿಯಾಗಿದ್ದು 9 ಮಾತ್ರ. ಹಲ್ಲು ಪೂರ್ತಿ ಮೇಲೆ ಬಂದ ಹಾಗೆ ವಸಡಿನ ಅಂಚು ದೂರ ಸರಿದು, ಕಲೆ ಇದ್ದ ಜಾಗದಲ್ಲಿ ಪಾಚಿ ನಿಲ್ಲದೆ ಹೋಗಿದ್ದೂ ಇದಕ್ಕೆ ಕಾರಣ. ಅಂದರೆ ಜಾಗ ಸ್ವಚ್ಛವಾದರೆ ಕಲೆಯ ಹಣೆಬರಹ ಬದಲಾಗುತ್ತದೆ. ಕ್ಲಿಪ್ ತೆಗೆದ ಮೇಲೆ ನಿಮ್ಮ ಮುಂದಿನ ಹಲ್ಲುಗಳಿಗೂ ಆಗಿರುವುದು ಅದೇ ಅಲ್ವಾ.

ಇನ್ನು ಕ್ಯಾಲ್ಸಿಯಂ ಮಾತ್ರೆ. ಬಾಯಿಗೆ ಬಂದಾದ ಹಲ್ಲಿನ ಎನಾಮಲ್‌ಗೆ ರಕ್ತದ ಸಂಪರ್ಕವೇ ಇಲ್ಲ, ನುಂಗಿದ ಮಾತ್ರೆ ಅಲ್ಲಿಗೆ ತಲುಪಲ್ಲ. ಇದ್ದಿಲು ಪುಡಿಯಂತೂ ಖಂಡಿತ ಬೇಡ. ನೀವು ಉಳಿಸಿಕೊಳ್ಳಬೇಕಾದ ಆ ತೆಳು ಹೊರ ಪದರವನ್ನೇ ಅದು ಉಜ್ಜಿ ತೆಗೆಯಬಹುದು.

ಕಡಲಂಚು

ನನಗೂ ಹಿಂದಿನ ಎರಡು ಹಲ್ಲುಗಳಲ್ಲಿ ಹೀಗೇ ಆಗಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ಈಗ ಎರಡೂವರೆ ವರ್ಷ ಆಯಿತು. ಒಂದು ಹಲ್ಲಿನ ಕಲೆ ಹೊಳಪು ಬಂದು ನಿಂತುಬಿಟ್ಟಿದೆ, ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದೆ. ಇನ್ನೊಂದನ್ನು ಕೊನೆಗೆ ತುಂಬಿಸಬೇಕಾಯಿತು. ಅದರ ಕಥೆ ಹೇಳುತ್ತೇನೆ, ಯಾಕಂದರೆ ತಪ್ಪು ನನ್ನದೇ ಇತ್ತು.

ಪೇಸ್ಟ್ ಬದಲಾಯಿಸಿದೆ, ದಿನಕ್ಕೆ ಮೂರು ಸಲ ಉಜ್ಜಿದೆ, ಇಷ್ಟಾದರೆ ಸಾಕು ಅಂದುಕೊಂಡೆ. ಆದರೆ ಕೆಲಸದ ಮೇಜಿನ ಮೇಲೆ ಸಕ್ಕರೆ ಹಾಕಿದ ಕಾಫಿ ಇಟ್ಟುಕೊಂಡು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಯುವ ಅಭ್ಯಾಸ ಬಿಡಲಿಲ್ಲ. ಒಂದೇ ಕಪ್ ಅಲ್ವಾ, ಎಷ್ಟು ಸಕ್ಕರೆ ಇರುತ್ತದೆ ಅಂತ ಅಂದುಕೊಂಡಿದ್ದೆ. ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ ಅಂತ ಎರಡನೇ ಹಲ್ಲು ಗುಂಡಿ ಬಿದ್ದ ಮೇಲೆ ಅರ್ಥವಾಯಿತು. ಸ್ಟೀಫನ್ ಅನ್ನುವ ಅಮೆರಿಕದ ಸಂಶೋಧಕರು 1940ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸಕ್ಕರೆ ನೀರು ಮುಕ್ಕಳಿಸಿದ ಕೆಲವೇ ನಿಮಿಷದಲ್ಲಿ ಪಾಚಿಯ ಪಿಎಚ್ ಧೊಪ್ಪನೆ ಇಳಿಯುತ್ತದೆ, ಮತ್ತೆ ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಾನು ಇಪ್ಪತ್ತು ನಿಮಿಷಕ್ಕೊಂದು ಗುಟುಕು ಕುಡಿದರೆ ಅದು ಮೇಲೆ ಬರುವುದು ಯಾವಾಗ? ಇಡೀ ಬೆಳಗ್ಗೆ ನನ್ನ ಹಲ್ಲು ಹುಳಿಯಲ್ಲೇ ನೆನೆಯುತ್ತಿತ್ತು. ಈಗ ಕಾಫಿಯನ್ನು ಊಟದ ಜೊತೆಗೇ ಹತ್ತು ನಿಮಿಷದಲ್ಲಿ ಕುಡಿದು ಮುಗಿಸುತ್ತೇನೆ, ನಡುವೆ ನೀರು ಮಾತ್ರ. ನನ್ನ ಮಟ್ಟಿಗೆ ಯಾವ ಪೇಸ್ಟೂ ಕೊಡದ ಲಾಭ ಇದು ಕೊಟ್ಟಿತು.

ಇನ್ನೊಂದು. ಆರೋಗ್ಯಕ್ಕೆ ಒಳ್ಳೆಯದು ಅಂತ ದಿನಾ ಬೆಳಗ್ಗೆ ನಿಂಬೆ ನೀರು ಕುಡಿದು ತಕ್ಷಣ ಜೋರಾಗಿ ಉಜ್ಜುತ್ತಿದ್ದೆ. ಹಲ್ಲು ಜುಮ್ಮೆನ್ನಲು ಶುರುವಾಯಿತು. ಹುಳಿ ತಾಗಿದ ಕೂಡಲೇ ಎನಾಮಲ್‌ನ ಮೇಲ್ಪದರ ಮೆತ್ತಗಾಗಿರುತ್ತದೆ, ಆಗಲೇ ಬ್ರಷ್ ಹಾಕಿ ತಿಕ್ಕಿದರೆ ಅದು ಸವೆದು ಹೋಗುತ್ತದೆ ಅಂತ ಹೇಳಿದರು. ಹಾಗೆ ಸವೆದಿದ್ದು ವಾಪಸ್ ಬರಲ್ಲವಂತೆ. ಈಗ ಹುಳಿ ಏನಾದರೂ ಕುಡಿದರೆ ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜುತ್ತೇನೆ.

ಹೊಂಗೆನೆರಳು, ಹೆದರಬೇಡಿ. ಆರು ತಿಂಗಳು ಅಂದರೆ ಸುಮ್ನೆ ಕಾಯುವುದಲ್ಲ. ನಿಮ್ಮ ಕೈಯಲ್ಲಿ ಕೆಲಸ ಕೊಟ್ಟು ಕಳಿಸಿದ್ದಾರೆ ಅಂದುಕೊಳ್ಳಿ.

ಬಿಳಿದಂಟು

ಕಡಲಂಚು ಅವರೇ, ನೀವು ಬರೆದಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಜನ ಇವೆರಡನ್ನು ಬಹಳ ಸಲ ಒಂದೇ ಅಂದುಕೊಳ್ಳುತ್ತಾರೆ. ಕಾಫಿಯ ಸಕ್ಕರೆಯಿಂದ ಆಗಿದ್ದು ಹುಳುಕು, ಅದನ್ನು ಮಾಡುವುದು ಬ್ಯಾಕ್ಟೀರಿಯಾ. ನಿಂಬೆಯಿಂದ ಆಗಿದ್ದು ಸವೆತ, ಅಲ್ಲಿ ಬ್ಯಾಕ್ಟೀರಿಯಾದ ಪಾತ್ರ ಇಲ್ಲ, ಹುಳಿ ನೇರವಾಗಿ ಮೇಲ್ಮೈಯನ್ನೇ ಕರಗಿಸುತ್ತದೆ. ಹುಳುಕಿನ ಬಿಳಿ ಕಲೆಯಲ್ಲಿ ಹರಳುಗಳ ಚೌಕಟ್ಟು ಉಳಿದಿರುತ್ತದೆ, ಅದರ ಮೇಲೆ ಖನಿಜ ಕೂರಲು ಜಾಗ ಇರುತ್ತದೆ. ಸವೆತದಲ್ಲಿ ಪದರವೇ ಹೋಗಿರುತ್ತದೆ, ಕೂರುವುದು ಎಲ್ಲಿ? ಉಳಿದಿದ್ದನ್ನು ಕಾಪಾಡಬಹುದು ಅಷ್ಟೇ. ಹೊಟ್ಟೆಯ ಹುಳಿ ಪದೇ ಪದೇ ಮೇಲೆ ಬರುವವರಿಗೂ ಇದೇ ತೊಂದರೆ. ಮೇಲಿನ ಹಲ್ಲುಗಳ ಒಳಮೈ ಸವೆದಿದ್ದು ನೋಡಿ ಹೊಟ್ಟೆಯ ಡಾಕ್ಟರ ಹತ್ತಿರ ಹೋಗಿ ಅಂತ ನಾವೇ ಕಳಿಸುವುದುಂಟು.

ಮತ್ತೆ ಆ ಕಂದು ಕಲೆ. ಹೊಳಪು ಇದೆ, ನಯವಾಗಿದೆ ಅಂದರೆ ಅದು ನಿಂತುಹೋದ ಹುಳುಕು. ನೋಡಲು ಚೆನ್ನಾಗಿಲ್ಲ ಅನ್ನುವುದು ಬಿಟ್ಟರೆ ಅದರಿಂದ ತೊಂದರೆ ಇಲ್ಲ. ಮಂಕಾಗಿ, ಸುಣ್ಣದ ಹಾಗೆ, ಒರಟಾಗಿ ಇದ್ದರೆ ಮಾತ್ರ ಇನ್ನೂ ನಡೆಯುತ್ತಿದೆ ಅಂತ ಅರ್ಥ. ಕಂದು ಕಲೆ ಕಂಡ ಕೂಡಲೇ ಕೊರೆಸಬೇಡಿ.

ಮೂರನೇಸಾಲು

ನನಗೊಂದು ನೇರ ಪ್ರಶ್ನೆ. ಫ್ಲೋರೈಡ್ ಪೇಸ್ಟ್ ಬೇಡ, ಹೈಡ್ರಾಕ್ಸಿಅಪಟೈಟ್ ಪೇಸ್ಟ್ ಬಳಸಿ, ಎನಾಮಲ್ ಅದರಿಂದಲೇ ಆಗಿರುವುದು, ಹಾಗಾಗಿ ಅದೇ ಸಹಜ ಅಂತ ಎಲ್ಲ ಕಡೆ ಓದುತ್ತಿದ್ದೇನೆ. ಕೇಳಲು ತರ್ಕ ಸರಿಯಾಗೇ ಇದೆ. ಗೋಡೆ ಬಿರುಕು ಬಿಟ್ಟರೆ ಅದೇ ಸಿಮೆಂಟ್ ಹಾಕುತ್ತೇವೆ ಅಲ್ವಾ? ಹಾಲಿನಿಂದ ಮಾಡಿದ ಒಂದು ಕ್ರೀಮ್ ಇದೆ ಅಂತಲೂ ಕೇಳಿದೆ. ಯಾವುದು ಕೆಲಸ ಮಾಡುತ್ತದೆ, ಯಾವುದು ಬರೀ ಮಾತು? ಮನೆಯಲ್ಲಿ ಚಿಕ್ಕ ಮಗು ಇರುವುದರಿಂದ ಫ್ಲೋರೈಡ್ ಅಂದರೆ ನನಗೆ ಸ್ವಲ್ಪ ಭಯ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಬಿಳಿದಂಟು

ಭಯ ಇದ್ದರೆ ಕೇಳುವುದೇ ಒಳ್ಳೆಯದು.

ಮೊದಲು ಫ್ಲೋರೈಡ್ ಏನು ಮಾಡುತ್ತದೆ ಅಂತ ನೋಡಿ. ಅದು ತಾನೇ ಬಂದು ಗುಂಡಿ ತುಂಬುವ ವಸ್ತು ಅಲ್ಲ. ಲಾಲಾರಸದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಮೊದಲೇ ಬೇಕಾದಷ್ಟು ಇವೆ. ಫ್ಲೋರೈಡ್ ಅರ್ಧ ಕರಗಿದ ಹರಳಿನ ಮೇಲೆ ಕೂತು ಅವನ್ನು ಬೇಗ ಎಳೆದುಕೊಳ್ಳುತ್ತದೆ. ಹಾಗೆ ಕಟ್ಟಿದ ಹೊಸ ಪದರ ಹಳೆಯದಕ್ಕಿಂತ ಗಟ್ಟಿಗ. ಮೊದಲಿನ ಹರಳು 5.5ರ ಹತ್ತಿರ ಕರಗಲು ಶುರುವಾದರೆ, ಫ್ಲೋರೈಡ್ ಸೇರಿದ ಹರಳು ಸುಮಾರು 4.5ರವರೆಗೆ ತಡೆದುಕೊಳ್ಳುತ್ತದೆ. ಅಂದರೆ ರಿಪೇರಿಯಾದ ಜಾಗ ಮುಂದಿನ ಹುಳಿಗೆ ಮೊದಲಿನಷ್ಟು ಸುಲಭವಾಗಿ ಸೋಲಲ್ಲ. ಇದಕ್ಕೆ ಬಹಳ ಫ್ಲೋರೈಡ್ ಬೇಕಿಲ್ಲ, ಚೂರೇ ಇದ್ದರೂ ಸಾಕು, ಆದರೆ ಆ ಚೂರು ಹಲ್ಲಿನ ಹತ್ತಿರ ದಿನವಿಡೀ ಇರಬೇಕು. ಅದಕ್ಕೇ ಉಜ್ಜಿದ ಮೇಲೆ ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ ಅಂತ ಹೇಳುವುದು. ಎರಡು ನಿಮಿಷ ಉಜ್ಜಿ, ಆಮೇಲೆ ಬಾಯಿ ತುಂಬಾ ನೀರು ಹಾಕಿ ಎಲ್ಲವನ್ನೂ ತೊಳೆದುಬಿಟ್ಟರೆ ಏನು ಉಳಿಯಿತು?

ಆಧಾರದ ಮಾತಿಗೆ ಬಂದರೆ ಫ್ಲೋರೈಡ್ ಪೇಸ್ಟ್ ಹಿಂದೆ ದಶಕಗಳ ಕೆಲಸ ಇದೆ. 2003ರಲ್ಲಿ ಕೊಕ್ರೇನ್ ಸಂಸ್ಥೆ ಮಕ್ಕಳ ಮೇಲಿನ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಹುಳುಕು ಸುಮಾರು 24% ಕಡಿಮೆಯಾಗಿದ್ದು ಕಂಡಿತು. ದೊಡ್ಡವರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಫ್ಲೋರೈಡ್ ಇರುವ ಪೇಸ್ಟ್ ಸಾಕು, ಟ್ಯೂಬಿನ ಹಿಂದೆ ಬರೆದಿರುತ್ತದೆ ನೋಡಿ. ಹುಳುಕು ಜಾಸ್ತಿ ಇರುವವರಿಗೆ ನಾವು 5000 ಪಿಪಿಎಂನದ್ದು ಬರೆದುಕೊಡುತ್ತೇವೆ, ಅಥವಾ ಕ್ಲಿನಿಕ್‌ನಲ್ಲಿ 22,600 ಪಿಪಿಎಂನ ವಾರ್ನಿಷ್, ಅಂದರೆ ಹಲ್ಲಿಗೆ ಬಳಿಯುವ ಅಂಟು ಲೇಪ, ಹಚ್ಚುತ್ತೇವೆ. ಅವನ್ನು ಸ್ವಂತ ಬುದ್ಧಿಯಿಂದ ತಗೊಳ್ಳುವುದು ಬೇಡ.

ಹೈಡ್ರಾಕ್ಸಿಅಪಟೈಟ್ ಬರೀ ಮಾತಲ್ಲ. ಜಪಾನ್‌ನಲ್ಲಿ 1980ರಿಂದ ಅದರ ಪೇಸ್ಟ್ ಇದೆ, 1993ರಲ್ಲಿ ಅಲ್ಲಿನ ಸರ್ಕಾರ ಹುಳುಕು ತಡೆಯುವ ವಸ್ತು ಅಂತ ಒಪ್ಪಿದೆ. 2019ರಲ್ಲಿ ಜರ್ಮನಿಯಿಂದ ಒಂದು ಪ್ರಯೋಗ ಬಂತು, ಅದು ಕ್ಲಿಪ್ ಹಾಕಿಸಿಕೊಂಡವರ ಮೇಲೇ ಮಾಡಿದ್ದು. ಸುಮಾರು ಆರು ತಿಂಗಳಲ್ಲಿ ಹೈಡ್ರಾಕ್ಸಿಅಪಟೈಟ್ ಪೇಸ್ಟ್ ಫ್ಲೋರೈಡ್ ಪೇಸ್ಟ್‌ಗಿಂತ ಕಡಿಮೆ ಅನಿಸಲಿಲ್ಲ. ಇದು ಸಂತೋಷದ ವಿಷಯ. ಆದರೆ ಫ್ಲೋರೈಡ್ ಹಿಂದಿರುವಷ್ಟು ವರ್ಷಗಳ, ಅಷ್ಟು ಜನರ ಲೆಕ್ಕ ಇದರ ಹಿಂದೆ ಇನ್ನೂ ಇಲ್ಲ. ಈಗಾಗಲೇ ಹುಳುಕು ಶುರುವಾದ ಹಲ್ಲಿಗೆ ನಾನಾದರೆ ಫ್ಲೋರೈಡನ್ನೇ ಹೇಳುತ್ತೇನೆ. ಸಿಮೆಂಟ್ ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ರಂಧ್ರ ಇರುವುದು ಗೋಡೆಯ ಒಳಗೆ. ಹೊರಗಿನಿಂದ ಮೆತ್ತಿದ ಸಿಮೆಂಟ್ ಪೂರ್ತಿ ಒಳಗೆ ಇಳಿಯುವುದಿಲ್ಲ.

ಹಾಲಿನ ಕ್ರೀಮ್ ಅಂದರೆ ಸಿಪಿಪಿ-ಎಸಿಪಿ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ಮತ್ತು ಜೊತೆಯವರು ಕಂಡುಹಿಡಿದಿದ್ದು. ಹಾಲಿನ ಕೇಸಿನ್ ಅನ್ನುವ ಪ್ರೋಟೀನಿನ ತುಂಡುಗಳು ಕ್ಯಾಲ್ಸಿಯಂ, ಫಾಸ್ಫೇಟನ್ನು ಗಟ್ಟಿಯಾಗಲು ಬಿಡದೆ ಹಿಡಿದಿಟ್ಟುಕೊಂಡು ಹಲ್ಲಿನವರೆಗೆ ತರುತ್ತವೆ. ಲಾಲಾರಸ ಕಡಿಮೆ ಇರುವವರಿಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫ್ಲೋರೈಡ್ ಪೇಸ್ಟ್ ಜೊತೆಗೆ ಇದನ್ನೂ ಹಚ್ಚಿದರೆ ಎಲ್ಲರಿಗೂ ಜಾಸ್ತಿ ಲಾಭವಾ ಅನ್ನುವುದರಲ್ಲಿ ಪ್ರಯೋಗಗಳು ಒಂದೇ ಮಾತು ಹೇಳುತ್ತಿಲ್ಲ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು.

ಮಗುವಿನ ವಿಷಯ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಮೂರರಿಂದ ಆರು ವರ್ಷದವರೆಗೆ ಬಟಾಣಿಯಷ್ಟು. ನೀವೇ ಉಜ್ಜಿಸಿ, ಉಗುಳಲು ಕಲಿಸಿ. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುವಾಗ ಫ್ಲೋರೈಡ್ ಜಾಸ್ತಿ ನುಂಗಿದರೆ ಹಲ್ಲಿನ ಮೇಲೆ ಕಲೆ ಬರುತ್ತದೆ, ಆ ಭಯ ನಿಜವಾದದ್ದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ನೀರಿನಲ್ಲಿ ಮೊದಲೇ ಜಾಸ್ತಿ ಇದ್ದರೆ ಮಗುವಿನ ಪೇಸ್ಟ್ ಬಗ್ಗೆ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಅಕ್ಕಿ ಕಾಳಿನಷ್ಟು ಪೇಸ್ಟಿಗೆ ಹೆದರಿ ಹುಳುಕು ಬರಿಸಿಕೊಳ್ಳುವುದು ಮಾತ್ರ ಬೇಡ.

ಹೊಂಗೆನೆರಳು

ಎಲ್ಲರಿಗೂ ತುಂಬಾ ಧನ್ಯವಾದ. ನಿಜ ಹೇಳುತ್ತೇನೆ, ಮೂರು ವಾರದಿಂದ ಸರಿಯಾಗಿ ನಕ್ಕಿರಲಿಲ್ಲ. ಇದನ್ನೆಲ್ಲ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಒಂದು ವಿಷಯ ಮೊದಲೇ ಬರೆಯಬೇಕಿತ್ತು. ನನಗೆ ಧೂಳಿನ ಅಲರ್ಜಿ, ವರ್ಷದಿಂದ ರಾತ್ರಿ ಮಾತ್ರೆ ತಗೊಳ್ಳುತ್ತೇನೆ. ಮೂಗು ಕಟ್ಟುವುದರಿಂದ ಬಾಯಿ ತೆರೆದು ಮಲಗುತ್ತೇನೆ. ಬೆಳಗ್ಗೆ ಎದ್ದಾಗ ನಾಲಿಗೆ ಅಂಟಿಕೊಂಡಿರುತ್ತದೆ. ಇದಕ್ಕೂ ಹಲ್ಲಿಗೂ ಸಂಬಂಧ ಇದೆಯಾ? ಡಾಕ್ಟರಿಗೆ ಇದನ್ನು ಹೇಳಿರಲಿಲ್ಲ, ಅವರೂ ಕೇಳಲಿಲ್ಲ.

ಮುಂದಿನ ಹಲ್ಲಿನ ಕಲೆಗೆ ಈಗಲೇ ಆ ವಾರ್ನಿಷ್ ಹಚ್ಚಿಸಿದರೆ ಬೇಗ ಹೋಗುತ್ತದಾ? ಎರಡು ತಿಂಗಳಲ್ಲಿ ಮನೆಯಲ್ಲಿ ಮದುವೆ ಇದೆ, ಫೋಟೋ ಎಲ್ಲ ಇರುತ್ತದೆ.

ಬಿಳಿದಂಟು

ಸಂಬಂಧ ಇದೆ, ಬಹಳ ಇದೆ. ಈ ಇಡೀ ಚರ್ಚೆಯಲ್ಲಿ ನೀವು ಬರೆದ ಅತಿ ಮುಖ್ಯ ಮಾತು ಇದೇ.

ರಿಪೇರಿ ಕೆಲಸದ ಕಚ್ಚಾ ಸಾಮಾನು ಬರುವುದು ಲಾಲಾರಸದಿಂದ. ಹುಳಿಯನ್ನು ತೊಳೆಯುವುದು ಅದೇ, ಅದರ ಶಕ್ತಿ ಇಳಿಸುವುದು ಅದೇ, ಖನಿಜ ತಂದುಕೊಡುವುದೂ ಅದೇ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಬರುತ್ತದೆ, ಆದರೆ ನಿದ್ದೆಯಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಲರ್ಜಿ ಮಾತ್ರೆಗಳಲ್ಲಿ ಹಲವು ಬಾಯಿ ಒಣಗಿಸುತ್ತವೆ, ಬಾಯಿ ತೆರೆದು ಮಲಗಿದರೆ ಇದ್ದ ಸ್ವಲ್ಪವೂ ಆರಿಹೋಗುತ್ತದೆ. ಆ ಹೊತ್ತಿನಲ್ಲಿ ಹಲ್ಲಿನ ಮೇಲೆ ಸಿಹಿ ಉಳಿದಿದ್ದರೆ ಕಾಪಾಡುವವರು ಯಾರೂ ಇಲ್ಲ. ಅದಕ್ಕೇ ರಾತ್ರಿ ಉಜ್ಜುವುದನ್ನು ಬೆಳಗ್ಗೆಯದಕ್ಕಿಂತ ಜಾಸ್ತಿ ಮುಖ್ಯ ಅನ್ನುತ್ತೇವೆ, ಅದರ ಮೇಲೆ ನೀರು ಬಿಟ್ಟು ಏನೂ ಬೇಡ ಅನ್ನುತ್ತೇವೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟವರ ಹತ್ತಿರ ಹೋಗಿ ಬಾಯಿ ಒಣಗುತ್ತಿದೆ ಅಂತ ಹೇಳಿ, ಬೇರೆ ಮಾತ್ರೆ ಇರಬಹುದು, ಮೂಗಿಗೂ ಚಿಕಿತ್ಸೆ ಇರಬಹುದು. ಹಗಲು ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಊಟದ ನಂತರ ಹತ್ತು ಹದಿನೈದು ನಿಮಿಷ ಅಗಿಯಿರಿ. ಅಗಿಯುವಾಗ ಲಾಲಾರಸ ಹಲವು ಪಟ್ಟು ಹೆಚ್ಚುತ್ತದೆ, ಹಾಗೆ ಬಂದ ಲಾಲಾರಸಕ್ಕೆ ಹುಳಿ ಇಳಿಸುವ ಶಕ್ತಿಯೂ ಜಾಸ್ತಿ. ಕ್ಸೈಲಿಟಾಲ್ ಅನ್ನುವ ಸಿಹಿ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಬ್ಯಾಕ್ಟೀರಿಯಾ ಅದರಿಂದ ಹುಳಿ ಮಾಡಲಾರವು. ಅಭ್ಯಾಸ ಇಲ್ಲದವರು ಒಂದೇ ಸಲ ಜಾಸ್ತಿ ತಗೊಂಡರೆ ಹೊಟ್ಟೆ ಕೆಡುತ್ತದೆ, ಸ್ವಲ್ಪದಿಂದ ಶುರುಮಾಡಿ.

ವಾರ್ನಿಷ್ ಬಗ್ಗೆ. ದವಡೆ ಹಲ್ಲಿಗೆ ಹಚ್ಚಿಸುವುದು ಒಳ್ಳೆಯದೇ. ಮುಂದಿನ ಹಲ್ಲಿನ ಕಲೆಗೆ ಕ್ಲಿಪ್ ತೆಗೆದ ಕೂಡಲೇ ಅಷ್ಟು ಗಟ್ಟಿ ಫ್ಲೋರೈಡ್ ಹಚ್ಚಲು ನಮ್ಮಲ್ಲಿ ಹಲವರು ಹಿಂಜರಿಯುತ್ತಾರೆ, ನಾನೂ ಅವರಲ್ಲಿ ಒಬ್ಬಳು. ಹೊರ ಪದರ ಬೇಗ ಬಿಗಿದುಕೊಂಡರೆ ಒಳಗಿನ ರಂಧ್ರಗಳಿಗೆ ಖನಿಜ ಹೋಗುವ ದಾರಿ ಮುಚ್ಚುತ್ತದೆ. ಹಲ್ಲು ಗಟ್ಟಿ ಆಗುತ್ತದೆ, ಬಿಳಿ ಬಣ್ಣ ಒಳಗೇ ಉಳಿಯುತ್ತದೆ. ದಿನಾ ಬಳಸುವ ಪೇಸ್ಟ್, ನಿಮ್ಮದೇ ಲಾಲಾರಸ, ನಿಧಾನಕ್ಕೆ ಒಳಗಿನಿಂದ ತುಂಬಲಿ. ಹೆಚ್ಚಿನ ಬದಲಾವಣೆ ಮೊದಲ ಕೆಲವು ತಿಂಗಳಲ್ಲೇ ಕಾಣುತ್ತದೆ.

ಗಟ್ಟಿಯಾಗುವುದು ಬೇರೆ, ಕಲೆ ಕಾಣದೆ ಹೋಗುವುದು ಬೇರೆ. ಮೊದಲನೆಯದು ಆದರೂ ಎರಡನೆಯದು ಪೂರ್ತಿ ಆಗದೆ ಇರಬಹುದು. ಆರು ತಿಂಗಳಾದ ಮೇಲೂ ಕಲೆ ಮನಸ್ಸಿಗೆ ಚುಚ್ಚುತ್ತಿದ್ದರೆ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ದ್ರವ) ಇಳಿಸುವ ಒಂದು ವಿಧಾನ ಇದೆ. ಕೊರೆಯಲ್ಲ, ಚುಚ್ಚುಮದ್ದು ಬೇಡ. ಮೇಲ್ಪದರವನ್ನು ಆಮ್ಲದಿಂದ ಸ್ವಲ್ಪ ತೆರೆದು, ನೀರಿನಷ್ಟು ತೆಳುವಾದ ರೆಸಿನ್ ರಂಧ್ರಗಳಿಗೆ ಇಳಿಯಲು ಬಿಟ್ಟು, ಬೆಳಕಿನಿಂದ ಗಟ್ಟಿ ಮಾಡುತ್ತೇವೆ. ಬೆಳಕು ಬಾಗಿಸುವ ಲೆಕ್ಕ ಹೇಳಿದ್ದೆನಲ್ಲ, ಈ ರೆಸಿನ್ನಿನದು ಸುಮಾರು 1.5, ಎನಾಮಲ್‌ಗೆ ಹತ್ತಿರ, ಹಾಗಾಗಿ ಕಲೆ ಸುತ್ತಲಿನ ಹಲ್ಲಿನಲ್ಲಿ ಬೆರೆತುಹೋಗುತ್ತದೆ. ಆದರೆ ಇದು ಖನಿಜ ವಾಪಸ್ ಬಂದ ಹಾಗಲ್ಲ, ಮತ್ತೆ ಹಿಂದಕ್ಕೆ ತೆಗೆಯಲೂ ಆಗಲ್ಲ. ಮದುವೆ ಫೋಟೋಗೋಸ್ಕರ ಈಗಲೇ ಓಡಬೇಡಿ, ಹಲ್ಲಿಗೆ ಒಂದು ಅವಕಾಶ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಗುಬ್ಬಿಗೂಡು

ನನ್ನ ಮಗನಿಗೆ ಏಳು ವರ್ಷ. ಹೊಸದಾಗಿ ಬಂದ ದವಡೆ ಹಲ್ಲು ಮತ್ತು ಒಂದು ಮುಂದಿನ ಹಲ್ಲಿನಲ್ಲಿ ಹಳದಿ, ಕೆನೆ ಬಣ್ಣದ ಮಚ್ಚೆ. ಹಲ್ಲು ಹೊರಗೆ ಬಂದಾಗಲೇ ಹಾಗೆ ಇತ್ತು. ತಣ್ಣೀರು ತಾಗಿದರೂ ಅಳುತ್ತಾನೆ. ಇಲ್ಲಿ ಹೇಳಿದ್ದು ಅವನಿಗೂ ಸರಿಹೋಗುತ್ತದಾ?

ಬಿಳಿದಂಟು

ಬರುವಾಗಲೇ ಇತ್ತು ಅಂದರೆ ಅದು ಹುಳಿಯಿಂದ ಆಗಿದ್ದಲ್ಲ, ದವಡೆಯೊಳಗೆ ಎನಾಮಲ್ ಕಟ್ಟುವಾಗಲೇ ಖನಿಜ ಸರಿಯಾಗಿ ತುಂಬಿಲ್ಲ. ಮೊದಲ ದವಡೆ ಹಲ್ಲು ಮತ್ತು ಮುಂದಿನ ಹಲ್ಲಿನಲ್ಲಿ ಒಟ್ಟಿಗೆ ಹೀಗೆ ಕಾಣುವುದಕ್ಕೆ ಎಂಐಎಚ್ ಅಂತ ಹೆಸರಿದೆ. ಆ ಹಲ್ಲು ಮೆತ್ತಗಿರುತ್ತದೆ, ಅಗಿಯುವ ಒತ್ತಡಕ್ಕೇ ಪುಡಿಯಾಗಬಹುದು. ನೋವಿರುವುದರಿಂದ ಮಗು ಅಲ್ಲಿ ಉಜ್ಜಲು ಬಿಡಲ್ಲ, ಹುಳುಕು ಬೇಗ ಸೇರಿಕೊಳ್ಳುತ್ತದೆ. ಇದಕ್ಕೆ ಆರು ತಿಂಗಳು ಕಾಯಬೇಡಿ, ಈ ವಾರವೇ ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್. ಅವನು ಹಟ ಮಾಡುತ್ತಿದ್ದಾನೆ ಅಂತ ಬೈಯಬೇಡಿ, ಅವನಿಗೆ ನಿಜವಾಗಲೂ ನೋಯುತ್ತಿದೆ.

ಹೊಂಗೆನೆರಳು

ಅಲರ್ಜಿ ಡಾಕ್ಟರಿಗೆ ನಾಳೆಯೇ ಫೋನ್ ಮಾಡುತ್ತೇನೆ. ನಿನ್ನೆ ರಾತ್ರಿ ಮೊದಲ ಸಲ ಉಜ್ಜಿ ಬರೀ ಉಗುಳಿ ಮಲಗಿದೆ, ಬಾಯಲ್ಲಿ ಪೇಸ್ಟಿನ ರುಚಿ ಹಾಗೇ ಇತ್ತು, ವಿಚಿತ್ರ ಅನಿಸಿತು, ಅಭ್ಯಾಸ ಆಗುತ್ತದೆ ಅಂದುಕೊಂಡಿದ್ದೇನೆ. ಕೊನೆಯ ಒಂದು ಪ್ರಶ್ನೆ. ದಿನಾ ಕನ್ನಡಿಯಲ್ಲಿ ನೋಡುತ್ತಿದ್ದರೆ ಒಂದು ದಿನ ಕಡಿಮೆಯಾದ ಹಾಗೆ, ಇನ್ನೊಂದು ದಿನ ಜಾಸ್ತಿಯಾದ ಹಾಗೆ ಕಾಣುತ್ತದೆ. ಸುಧಾರಿಸುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಕಡಲಂಚು

ದಿನಾ ನೋಡಬೇಡಿ, ನಾನೂ ಹಾಗೆ ನೋಡಿ ನೋಡಿ ನಿದ್ದೆ ಕೆಡಿಸಿಕೊಂಡಿದ್ದೆ. ತಿಂಗಳಿಗೊಂದು ಫೋಟೋ ಸಾಕು. ಒಂದೇ ಕಿಟಕಿ ಹತ್ತಿರ, ಒಂದೇ ಹೊತ್ತಿನಲ್ಲಿ, ಫ್ಲ್ಯಾಶ್ ಇಲ್ಲದೆ. ಮುಖ್ಯವಾಗಿ ಹಲ್ಲು ಎಷ್ಟು ಒಣಗಿದೆ ಅನ್ನುವುದು ಪ್ರತಿ ಸಲ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸಲು ಆಗಲ್ಲ. ನಾನು ತುಟಿ ಎತ್ತಿ ಹಿಡಿದು, ಶುದ್ಧ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಇಪ್ಪತ್ತು ಎಣಿಸಿ ಕ್ಲಿಕ್ ಮಾಡುತ್ತಿದ್ದೆ. ದವಡೆ ಹಲ್ಲನ್ನು ಮಾತ್ರ ಡಾಕ್ಟರೇ ನೋಡಬೇಕು. ಎರಡು ಹಲ್ಲಿನ ನಡುವೆ ಇದ್ದರೆ ಎಕ್ಸ್‌ರೇ ಬೇಕಾಗುತ್ತದೆ, ಅದರಲ್ಲೂ ಖನಿಜ ಸಾಕಷ್ಟು ಹೋದ ಮೇಲೇ ಕಪ್ಪಾಗಿ ಕಾಣುವುದು, ಹಾಗಾಗಿ ಹೇಳಿದ ದಿನ ತಪ್ಪದೆ ಹೋಗಿ.

ಮೊದಲ ಫೋಟೋ ಇವತ್ತೇ ತೆಗೆದಿಡಿ. ನಾನು ತೆಗೆದಿದ್ದು ನಾಲ್ಕನೇ ತಿಂಗಳಿನಿಂದ, ಶುರುವಿನಲ್ಲಿ ಹೇಗಿತ್ತು ಅಂತ ಈಗ ನನಗೆ ನೋಡಲು ಸಿಗುವುದಿಲ್ಲ.